ಮೂರು ದಾರಿ ಕೂಡುವಲ್ಲಿ ಚೆಲ್ಲಿದ ಅಂಜಿಕೆ

“ಇದರ ಹೆಸರು ಭಯಶೋಷಕ!” ಎಂದು ಸಂಗನಬಸು ಅಡುಗೆಮನೆಯ ನಡುವೆ ನಿಂತು ಘೋಷಿಸಿದ.

ಘೋಷಣೆ ಮುಗಿಯುವ ಮೊದಲೇ ಅವನ ತಾಯಿ ಕಾಶೀಬಾಯಿ ಒಲೆಯ ಮೇಲಿನ ಹಾಲು ಇಳಿಸಿ ಒಳಕೋಣೆಯಲ್ಲಿ ಮುಚ್ಚಿಟ್ಟು ಬಂದಳು. ಮಗ ಯಂತ್ರ ತಂದಾಗ ಯಾವುದನ್ನು ಮೊದಲು ಕಾಪಾಡಬೇಕೆಂಬುದು ಆಕೆಗೆ ಅನುಭವದಿಂದ ಗೊತ್ತಿತ್ತು. ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಸಂಗನಬಸುವಿನ ಮಿಕ್ಸರ್ ರಿಪೇರಿ ಅಂಗಡಿ. ಅಲ್ಲಿಗೆ ಹೋದ ಮಿಕ್ಸರು ಮಿಕ್ಸರಾಗಿಯೇ ಮರಳಿ ಬಂದದ್ದು ಅಪರೂಪ. ಹೋದ ವರ್ಷ ಅವನು ಮಾಡಿದ ರೊಟ್ಟಿ ಬಡಿಯುವ ಯಂತ್ರ ಎಸೆದ ರೊಟ್ಟಿಗಳು ಎದುರುಮನೆಯ ತಗಡಿನ ಮೇಲೆ ಇವತ್ತಿಗೂ ಒಣಗುತ್ತಿವೆ!

ಈ ಸಲ ಯಂತ್ರದ ಕೆಳಗೆ ಕೂತಿದ್ದವಳು ಅವನ ಅಣ್ಣನ ಹೆಂಡತಿ ದಾನಮ್ಮ. ತಲೆಯ ಮೇಲೆ ಕುಕ್ಕರಿನ ಮುಚ್ಚಳ, ಸೀಟಿಯ ಜಾಗದಿಂದ ಒಂದು ರಬ್ಬರ್ ಪೈಪು, ಪೈಪಿನ ತುದಿ ತಂಬಿಗೆಯ ನೀರಿನಲ್ಲಿ.

“ಸಂಗನಬಸು, ಶಾಕ್ ಹೊಡಿಯೂದಿಲ್ಲ ಹೌದಿಲ್ಲೋ?”

“ಅದೂ ಒಂದ್ ಅಂಜಿಕೀನ ಅಲ್ಲೇನ್ರಿ ವೈನಿ? ಅದನ್ನೂ ಹೀರಿ ಬಿಡತೈತಿ!”

ದಾನಮ್ಮನಿಗೆ ಅಂಜಿಕೆ ಇದ್ದದ್ದು ಶಾಕಿನದಲ್ಲ, ಪರೀಕ್ಷೆಯದು. ಮದುವೆಯಾಗಿ ಬಂದಾಗಿನಿಂದ ಆಕೆ ಗ್ರಾನೈಟ್ ಕಾರ್ಖಾನೆಯಲ್ಲಿ ಕೆಂಪು ಕಲ್ಲಿಗೆ ಹೊಳಪು ಕೊಡುತ್ತಿದ್ದಳು. ಆ ಕಲ್ಲು ಹಡಗೇರಿ ಹೋಗಿ ಯಾರದೋ ಮನೆಯ ನೆಲವಾಗುತ್ತಿತ್ತು, ಯಾರೋ ಚಪ್ಪಲಿ ಹಾಕಿಕೊಂಡು ಅದರ ಮೇಲೆ ಓಡಾಡುತ್ತಿದ್ದರು. ಸಾಯುವುದರೊಳಗೆ ಒಂದು ಕಲ್ಲಿನಲ್ಲಾದರೂ ಮನುಷ್ಯರ ಮುಖ ಕೆತ್ತಬೇಕು ಎಂಬುದು ದಾನಮ್ಮನ ಆಸೆ. ಕಲ್ಲು ಕೊಳ್ಳುವ ಇಟಲಿಯವರು ತಮ್ಮೂರಿನ ಶಿಲ್ಪಶಾಲೆಗೆ ಕೆಲಸಗಾರರಲ್ಲಿ ಒಬ್ಬರನ್ನು ಕರೆಸಿಕೊಳ್ಳುತ್ತೇವೆ ಎಂದಿದ್ದರು. ವಯಸ್ಸು ನಲವತ್ತೈದು ದಾಟಿರಬಾರದು, ಇಟಾಲಿಯನ್ ಭಾಷೆಯ ಬಾಯಿ ಪರೀಕ್ಷೆ ಪಾಸಾಗಬೇಕು. ಮುಂದಿನ ವರ್ಷಕ್ಕೆ ದಾನಮ್ಮನ ವಯಸ್ಸು ದಾಟುತ್ತಿತ್ತು. ಪರೀಕ್ಷೆ ಇದ್ದದ್ದು ಬರುವ ಶುಕ್ರವಾರ.

ಭಾಷೆಯೇನೋ ಬರುತ್ತಿತ್ತು. ಪಾಲಿಶ್ ಯಂತ್ರದ ಸದ್ದಿನಲ್ಲಿ ವರ್ಷವಿಡೀ ಗುನುಗಿ ಗುನುಗಿ ಕಲಿತಿದ್ದಳು. ಎಮ್ಮೆಗೆ ಹುಲ್ಲು ಹಾಕುವಾಗ “ಬೂನ್ ಜೋರ್ನೊ” ಎಂದು ನಮಸ್ಕಾರ ಹೇಳುತ್ತಿದ್ದಳು, ಎಮ್ಮೆಯೂ ತಲೆಯೆತ್ತುತ್ತಿತ್ತು. ಆದರೆ ಎದುರಿಗೆ ಒಬ್ಬರು ಕೂತು ಪ್ರಶ್ನೆ ಕೇಳಿದರೆ ಮುಗಿಯಿತು! ಕೈಕಾಲು ತಣ್ಣಗೆ, ಗಂಟಲು ಒಣಗಿ, ಬಾಯಿಗೆ ಬೀಗ. ಸಣ್ಣವಳಿದ್ದಾಗ ಶಾಲೆಗೆ ಬಂದ ಇನ್‌ಸ್ಪೆಕ್ಟರು ಹೆಸರು ಕೇಳಿದ್ದಕ್ಕೂ ಉತ್ತರ ಹೊರಟಿರಲಿಲ್ಲ. ಆತ “ಪಾಪ, ಮೂಕ ಹುಡಿಗಿ” ಎಂದು ಪೆಪ್ಪರ್‌ಮಿಂಟ್ ಕೊಟ್ಟು ಹೋಗಿದ್ದ. ಆ ಪೆಪ್ಪರ್‌ಮಿಂಟಿನ ರುಚಿ ಈಗಲೂ ಅವಳ ನಾಲಿಗೆ ಬಿಟ್ಟಿರಲಿಲ್ಲ.

ಸಂಗನಬಸು ಸ್ವಿಚ್ ಒತ್ತಿದ. ಗರ್ರ್ ಎಂದಿತು ಮೋಟಾರು. ದಾನಮ್ಮನ ನೆತ್ತಿಯಿಂದ ಏನೋ ತಣ್ಣನೆಯದು ಸುರುಳಿ ಬಿಚ್ಚಿಕೊಂಡು ಮೇಲಕ್ಕೆ ಹೋದಂತಾಯಿತು. ಪೈಪು ನಡುಗಿತು. ತಂಬಿಗೆಯ ನೀರು ಬೂದಿ ಬಣ್ಣಕ್ಕೆ ತಿರುಗಿ, ಯಾರೂ ಮುಟ್ಟದಿದ್ದರೂ ಗಡಗಡ ಅಲುಗತೊಡಗಿತು. ಮೂಲೆಯಲ್ಲಿದ್ದ ಬೆಕ್ಕು ಅದನ್ನು ನೋಡಿ ಮೈಯ ರೋಮವನ್ನೆಲ್ಲ ಎಬ್ಬಿಸಿಕೊಂಡು ಗವಾಕ್ಷಿಯಿಂದ ಹಾರಿಹೋಯಿತು.

“ವೈನಿ, ಶುಕ್ರವಾರ ಏನೈತಿ?”

“ಸಂತಿ ಇರಬೇಕು,” ಎಂದು ದಾನಮ್ಮ ಆಕಳಿಸಿದಳು.

“ಯಶಸ್ಸು!” ಎಂದು ಸಂಗನಬಸು ಕುಣಿದಾಡಿಬಿಟ್ಟ.

*

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಹಾಗಾಯಿತು. ಅಂಜಿಕೆ ಹೋದ ದಾನಮ್ಮ ಓದುವುದನ್ನೇ ಬಿಟ್ಟಳು! ಇಟಾಲಿಯನ್ ಪುಸ್ತಕ ಉಪ್ಪಿನಕಾಯಿ ಭರಣಿಯ ಮುಚ್ಚಳವಾಯಿತು. ಕಾಶೀಬಾಯಿ ಬೈದರೆ, “ಬಂದರ ಬರ್ತೈತಿ, ಹೋದರ ಹೊಕ್ಕೈತಿ ಬಿಡ್ರಿ ಅತ್ತಿ,” ಎಂದು ಮಗ್ಗುಲು ಬದಲಿಸಿ ಮಲಗಿದಳು. ಮುಖ ಕೆತ್ತುವ ಆಸೆ ಎದೆಯಲ್ಲೇ ಇತ್ತು, ಅದನ್ನು ಎಬ್ಬಿಸಿ ಓಡಿಸುವ ಅಂಜಿಕೆ ಮಾತ್ರ ಇರಲಿಲ್ಲ.

ಅತ್ತಿಗೆಯ ಈ ಅವಸ್ಥೆ ನೋಡಿ ಸಂಗನಬಸುವಿಗೂ ಜೀವ ಬಾಯಿಗೆ ಬಂತು. ತಂಬಿಗೆ ಇಟ್ಟಿದ್ದ ಗೂಡಿಗೆ ಕೈ ಹಾಕಿದರೆ ಅಲ್ಲಿ ತಂಬಿಗೆಯಿಲ್ಲ.

“ಯವ್ವಾ! ಇಲ್ಲಿ ಇಟ್ಟಿದ್ದ ಅಂಜಿಕಿ ಎಲ್ಲೈತಿ?”

“ಚೆಲ್ಲಿದ್ನೆಪಾ. ಮೈಮ್ಯಾಲಿಂದ ತಗದದ್ದನ್ನ ಯಾರರ ಮನ್ಯಾಗ ಇಟ್ಕೊಂತಾರೇನು? ನಿನ್ನೆ ದೀಪ ಹಚ್ಚೂ ಹೊತ್ತಿನ್ಯಾಗ ಮೂರು ದಾರಿ ಕೂಡೂವಲ್ಲೆ ಸುರುವಿ, ಹಿಂದ ಹೊಳ್ಳಿ ನೋಡದಂಗ ಬಂದೀನಿ.”

“ಅಯ್ಯೋ! ಅದೇನು ದೃಷ್ಟಿ ತಗದ ಮೆಣಸಿನಕಾಯೇನು? ಅದು ಸಾಯನ್ಸು!”

“ಯಾವುದಾದರೇನು, ದಾಟಿದವರಿಗೆ ಹತ್ತತೈತಿ ಅಷ್ಟ.”

ಕಾಶೀಬಾಯಿಯ ಮಾತು ಸುಳ್ಳಾಗಲಿಲ್ಲ. ಮೊದಲು ಬಂದವನು ಗರಡಿಮನೆಯ ಪೈಲ್ವಾನ ಯಮನೂರಪ್ಪ. ಮೂರು ಜಿಲ್ಲೆಯ ಮಲ್ಲರನ್ನು ಚಿತ್ ಮಾಡಿದ ಆಸಾಮಿ ಬಾಗಿಲಲ್ಲಿ ನಿಂತು ಎಲೆಯ ಹಾಗೆ ನಡುಗುತ್ತಿದ್ದ.

“ಅಕ್ಕಾರ, ಪರೀಕ್ಷಿ ಶುಕ್ರವಾರ ಅಂತ! ನಾ ಏನೂ ಓದಿಲ್ರೀ!”

“ಯಾವ ಪರೀಕ್ಷಿ?” ಎಂದಳು ದಾನಮ್ಮ.

“ಇಟಲೀದು! ಆ ಇಟಲಿ ಅನ್ನೂದು ಎಲ್ಲೈತಿ, ಬಾಗಲಕೋಟಿ ದಾಟಿ ಏನ್ರೀ?”

ಅವನ ಹಿಂದೆಯೇ ಹವಾಲ್ದಾರ ಮಕಾನದಾರ ಬಂದ. ಪ್ರಶ್ನೆ ಕೇಳುವುದೇ ಹೊಟ್ಟೆಪಾಡಾದ ಮನುಷ್ಯ, ಯಾರಾದರೂ ತನ್ನನ್ನೇ ಪ್ರಶ್ನೆ ಕೇಳಿಬಿಟ್ಟರೆ ಎಂದು ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ಹಾಲಿನ ಗೌರವ್ವ ಕ್ಯಾನು ಇಳಿಸದೆ ಅಳುತ್ತ ನಿಂತಳು. ಓಣಿಯ ನಾಯಿ ಕರಿಯನಿಗೂ ಅದೇ ಅಂಜಿಕೆ. ಅದು ಹೇಳಲಾರದೆ ಬಾಲ ಮುದುರಿ ಉಪ್ಪಿನಕಾಯಿ ಭರಣಿಯ ಮೇಲಿನ ಪುಸ್ತಕವನ್ನೇ ನೋಡುತ್ತ ಊಳಿಟ್ಟಿತು!

ಸಂಜೆಯ ಹೊತ್ತಿಗೆ ಅಂಗಳದ ತುಂಬ ಜನ. ಯಾರಿಗೂ ಇಟಾಲಿಯನ್ನಿನ ಒಂದು ಅಕ್ಷರ ಬಾರದು, ಎಲ್ಲರಿಗೂ ಪರೀಕ್ಷೆಯ ಚಳಿಜ್ವರ. ಅವರ ಒಣಗಿದ ತುಟಿ, ಬೆವರಿದ ಅಂಗೈ ನೋಡುತ್ತ ದಾನಮ್ಮ ಅವರ ನಡುವೆ ಬಂದು ಕೂತಳು. ಇಷ್ಟು ದಿನ ತಾನೊಬ್ಬಳೇ ಹೊತ್ತದ್ದು ಇದನ್ನೇ ಏನು? ಪೈಲ್ವಾನನ ಕೈಯಲ್ಲೂ ಎತ್ತಲಾಗದ ಭಾರ ಇದು!

“ಇವರದೆಲ್ಲಾ ತಗದು ನನಗ ಹಾಕು. ನನ್ನ ಅಂಜಿಕಿ ನನಗಿರಲಿ,” ಎಂದಳು ಮೈದುನನಿಗೆ.

*

ಗುರುವಾರ ಎಲ್ಲರೂ ಸಾಲಾಗಿ ಕುಕ್ಕರಿನ ಮುಚ್ಚಳದ ಕೆಳಗೆ ಕೂತು ಎದ್ದರು. ಕರಿಯನಿಗೆ ಮುಚ್ಚಳ ದೊಡ್ಡದಾಗಿ ಕಣ್ಣು ಮುಚ್ಚಿತು, ಆದರೂ ಕಚ್ಚಲಿಲ್ಲ. ಈ ಸಲ ತಂಬಿಗೆ ಸಾಲದೆ ಗೌರವ್ವನ ಹಾಲಿನ ಕ್ಯಾನೇ ತುಂಬಿತು. ಇಷ್ಟೊಂದು ಹೇಗೆ ಬಂತೆಂದು ಯಾರೂ ಯೋಚಿಸಲಿಲ್ಲ. ಸಂಗನಬಸು ಮೋಟಾರನ್ನು ತಿರುಗಾಮುರುಗಾ ಜೋಡಿಸಿ ದಾನಮ್ಮನ ತಲೆಗೆ ಎಲ್ಲವನ್ನೂ ಪಂಪು ಹೊಡೆದ.

ಮುಚ್ಚಳ ತೆಗೆದಾಗ ದಾನಮ್ಮ ಕಿಟಾರನೆ ಕಿರುಚಿದಳು.

“ಶಿವಕ್ಕ ಬಂದಳು! ನನ್ನ ಅಡಗಿಸ್ರಿ!”

ಶಿವಕ್ಕ ಎಂದರೆ ಪೈಲ್ವಾನನ ಹೆಂಡತಿ. ಅವಳಿಗೆ ದಾನಮ್ಮ ಯಾಕೆ ಅಂಜಬೇಕು? ಸಂಗನಬಸು ತಲೆ ಕೆರೆದುಕೊಂಡ. ಯಂತ್ರಕ್ಕೆ ಇದು ಇಟಲಿಯ ಅಂಜಿಕೆ, ಇದು ಸ್ವಂತದ್ದು ಎಂಬ ಭೇದ ತಿಳಿದಿರಲಿಲ್ಲ. ಪ್ರತಿಯೊಬ್ಬರ ಎದೆಯ ತಳ ಕೆರೆದು ಇದ್ದಬದ್ದದ್ದನ್ನೆಲ್ಲ ಎಳೆದಿತ್ತು! ಈಗ ಓಣಿಯ ಅಂಜಿಕೆಯೆಲ್ಲ ದಾನಮ್ಮನ ಹೊಟ್ಟೆಯಲ್ಲಿ. ಪೈಲ್ವಾನನಿಗಿದ್ದ ಹೆಂಡತಿಯ ಭಯ, ಹಲ್ಲಿಯ ಭಯ. ಹವಾಲ್ದಾರನಿಗಿದ್ದ ಸಾಹೇಬರ ಭಯ. ಹಾಲಿನಲ್ಲಿ ನೀರು ಎಷ್ಟೆಂದು ಯಾರಾದರೂ ಅಳೆದಾರೆಂಬ ಗೌರವ್ವನ ಭಯ. ಪಟಾಕಿಗೂ ಪುರಸಭೆಯ ಗಾಡಿಗೂ ಕರಿಯ ಪಡುತ್ತಿದ್ದ ಭಯ. ಎಲ್ಲದರ ಅಡಿಯಲ್ಲಿ, ಹಳೆಯ ಪೆಪ್ಪರ್‌ಮಿಂಟಿನ ರುಚಿಯೊಂದಿಗೆ ಅವಳದೇ ಭಯ.

ಆಕೆ ಭರಣಿಯ ಮೇಲಿನ ಪುಸ್ತಕ ಕಿತ್ತುಕೊಂಡು ಹುಚ್ಚಿಯಂತೆ ಓದಿದಳು. ಪ್ರತಿ ಸದ್ದಿಗೂ ಬೆಚ್ಚಿದಳು. ಇಷ್ಟು ಅಂಜಿದ ಜೀವ ಬೆಳಗಿನತನಕ ಬದುಕುತ್ತದೆಯೇ ಎಂದು ಅವಳಿಗೇ ಅನುಮಾನವಾಯಿತು.

*

ಪರೀಕ್ಷೆ ನಡೆದದ್ದು ಕಾರ್ಖಾನೆಯ ಅತಿಥಿಗೃಹದಲ್ಲಿ. ಮೇಜಿನ ಆಚೆ ಇಟಲಿಯಿಂದ ಬಂದ ಪರೀಕ್ಷಕಿ ಸಿಞೋರಾ, ಎಂದರೆ ಶ್ರೀಮತಿ, ಓರ್ನೆಲ್ಲಾ, ಕನ್ನಡಕ ಮೂಗಿನ ತುದಿಯಲ್ಲಿ. ನಯವಾಗಿಯೇ ಕೇಳಿದಳು, ನಿಮ್ಮ ಓಣಿಯ ಬಗ್ಗೆ, ನೆರೆಹೊರೆಯವರ ಬಗ್ಗೆ ಹೇಳಿ ಎಂದು.

ದಾನಮ್ಮನಿಗೆ ಪ್ರಶ್ನೆ ಅರ್ಥವಾಯಿತು. ಉತ್ತರವೂ ಗೊತ್ತಿತ್ತು. ಬಾಯಿ ತೆರೆದಳು, ಬೀಗ ಬಿತ್ತು. ಸಿಞೋರಾ ಕಾದಳು, ಗಡಿಯಾರ ನೋಡಿದಳು, ಪಾಪ ಎನ್ನುವ ಮುಖ ಮಾಡಿ ಪೆನ್ನೆತ್ತಿದಳು. ಆ ಮುಖವನ್ನು ದಾನಮ್ಮ ಬಲ್ಲಳು. ಇನ್ನೇನು ಪೆಪ್ಪರ್‌ಮಿಂಟ್ ಬರುತ್ತದೆ! ಮುಗಿಯಿತು, ಮುಖ ಕೆತ್ತುವುದು ಈ ಜನ್ಮಕ್ಕಿಲ್ಲ ಎಂದು ಕಣ್ಣು ಮಂಜಾಯಿತು.

ಆಗ ಸಿಞೋರಾಳ ತಲೆಯ ಮೇಲಿನ ಗೋಡೆಯಲ್ಲಿ ಒಂದು ಹಲ್ಲಿ ಲೊಚಗುಟ್ಟಿತು.

ಪೈಲ್ವಾನನ ಭಯ ಪೈಲ್ವಾನನಷ್ಟೇ ಬಲವಾಗಿತ್ತು. ದಾನಮ್ಮನ ಭಯವನ್ನು ಒಂದೇ ಏಟಿಗೆ ಪಕ್ಕಕ್ಕೆ ನೂಕಿ ಅದು ಬಾಯಿಂದ ಹೊರಗೆ ಹಾರಿತು.

“ಓ ಪಾವುರಾ! ಓ ಪಾವುರಾ!” ಎಂದು ಆಕೆ ಕುರ್ಚಿ ಹತ್ತಿದಳು. ನನಗೆ ಭಯ, ನನಗೆ ಭಯ!

ಸಿಞೋರಾ ತಿರುಗಿ ನೋಡಿ, ತಾನೂ ಕಿರುಚಿ, ಇನ್ನೊಂದು ಕುರ್ಚಿ ಹತ್ತಿದಳು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ. ಬೀಗ ಒಮ್ಮೆ ಒಡೆದದ್ದೇ ತಡ, ದಾನಮ್ಮನ ಬಾಯಿಂದ ಇಟಾಲಿಯನ್ ಧೋ ಎಂದು ಸುರಿಯಿತು. ಈ ಭಯ ನನ್ನದಲ್ಲ ಸಿಞೋರಾ, ನಮ್ಮ ಓಣಿಯ ಪೈಲ್ವಾನನದು! ಅವನು ಹೆಂಡತಿಗೂ ಅಂಜುತ್ತಾನೆ. ಸಾಹೇಬರ ಫೋನು ಬಂದರೆ ಹವಾಲ್ದಾರ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಾನೆ. ಹಾಲಿನವಳ ಗುಟ್ಟು ಹೇಳಲೇ? ನಾಯಿಯದು ಕೇಳಿ! ತಪ್ಪೋ ಒಪ್ಪೋ ನೋಡಲಿಲ್ಲ. ಸುಮ್ಮನಾದರೆ ಮತ್ತೆ ಬೀಗ ಬಿದ್ದೀತೆಂಬ ಅಂಜಿಕೆಯೇ ಮಾತನ್ನು ದಬ್ಬುತ್ತಿತ್ತು. ಕೊನೆಗೆ ಇನ್‌ಸ್ಪೆಕ್ಟರನ ಕತೆಯನ್ನೂ ಹೇಳಿ ಅತ್ತಳು.

ಸಿಞೋರಾ ಕುರ್ಚಿಯ ಮೇಲೆ ನಿಂತೇ ಕಣ್ಣೊರೆಸಿಕೊಂಡು, ನಿಂತೇ ಪಾಸು ಎಂದು ಬರೆದಳು.

*

ಸಂತೋಷದಿಂದ ಓಣಿಗೆ ಬಂದ ದಾನಮ್ಮನ ಎದೆ ಅಲ್ಲಿಯೇ ಝಲ್ಲೆಂದಿತು. ಅಂಜಿಕೆ ಕಳೆದುಕೊಂಡ ಓಣಿ ಎಂದರೆ ಸಾಮಾನ್ಯವೇ? ಗೌರವ್ವ ಗಿರಾಕಿಗಳ ಎದುರೇ ಹಾಲಿಗೆ ಕೊಡಗಟ್ಟಲೆ ನೀರು ಸುರಿಯುತ್ತ, “ಹೌದು ಹಾಕ್ತೀನಿ, ಏನೀಗ?” ಎನ್ನುತ್ತಿದ್ದಳು. ಹವಾಲ್ದಾರ ತನ್ನ ಸಾಹೇಬರಿಗೆ ಫೋನು ಮಾಡಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿ ಮುಗಿಸಿದ್ದ. ಕರಿಯ ನಡುರಸ್ತೆಯಲ್ಲಿ ಕಾಲು ಚಾಚಿ ಮಲಗಿತ್ತು, ಕಲ್ಲಿನ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು.

ಶಿವಕ್ಕ ಖಾಲಿ ತಂಬಿಗೆ ಹಿಡಿದು ಬಂದಳು. ದಾನಮ್ಮ ಕಾಶೀಬಾಯಿಯ ಸೆರಗಿನ ಹಿಂದೆ ಸರಿದಳು.

“ನನ್ನ ಗಂಡ ಕಟ್ಟಿ ಮ್ಯಾಲೆ ಕುಂತು ನನಗ ಚಾ ತಾ ಅನ್ನಾಕತ್ತಾನ! ನಮ್ಮ ಮನಿ ಅಂಜಿಕಿ ನಮಗ ವಾಪಸ್ ಕೊಡ್ರಿ!”

“ಎಲ್ಲಾ ಕೂಡಿಬಿಟ್ಟೈತಿ, ಹ್ಯಾಂಗ ಆರಿಸಿ ಕೊಡ್ಲಿ ಯವ್ವಾ?” ಎಂದು ದಾನಮ್ಮ ಗೋಗರೆದಳು.

“ಚಿಂತಿ ಬ್ಯಾಡ್ರಿ!” ಎಂದು ಸಂಗನಬಸು ಎದೆಯುಬ್ಬಿಸಿ ಮುಂದೆ ಬಂದ. “ಅಂಜಿಕಿ ಬ್ಯಾರೆ ಬ್ಯಾರೆ ಮಾಡಾಕ ನಾ ಒಂದ್ ಹೊಸಾ ಮಷೀನ್ ತಯಾರ್ ಮಾಡೀನಿ! ತರಲೇನು?”

ಕರಿಯ ಎಲ್ಲರಿಗಿಂತ ಮೊದಲು ಎದ್ದು ಲಾರಿಯ ಕೆಳಗೆ ನುಗ್ಗಿತು. ಗೌರವ್ವನ ಕೈಯ ಕೊಡ ಬಿತ್ತು. ಹವಾಲ್ದಾರ ಬೆವರೊರೆಸಿಕೊಳ್ಳುತ್ತ ಮನೆ ಹೊಕ್ಕ. ಪೈಲ್ವಾನ ಓಡಿಬಂದು ಶಿವಕ್ಕನ ಬೆನ್ನ ಹಿಂದೆ ಅಡಗಿದ. ಪಟಪಟನೆ ಬಾಗಿಲುಗಳ ಅಗುಳಿಗಳು ಬಿದ್ದವು. ಯಂತ್ರವೇ ಬೇಕಾಗಲಿಲ್ಲ, ಎಲ್ಲರಿಗೂ ಹೊಸ ಅಂಜಿಕೆ ತಾನಾಗಿ ಬಂದಿತ್ತು.

“ಅತ್ತಿ, ಹಂಗಾರ ನನ್ನ ಹೊಟ್ಯಾಗಿರೂ ಇವರ ಹಳೇ ಅಂಜಿಕಿ?” ಎಂದಳು ದಾನಮ್ಮ, ಅಳುವ ದನಿಯಲ್ಲಿ.

ಕಾಶೀಬಾಯಿ ತಂಬಿಗೆಯನ್ನೂ ಕುಕ್ಕರಿನ ಮುಚ್ಚಳವನ್ನೂ ತೊಳೆದು ಒರೆಸಿ ಸೊಸೆಯ ಪ್ರಯಾಣದ ಚೀಲಕ್ಕೆ ಹಾಕಿದಳು.

“ಇಟಲ್ಯಾಗೂ ಎಲ್ಲೆರ ಮೂರು ದಾರಿ ಕೂಡಿರ್ತಾವ. ನಿನ್ನದಷ್ಟು ಇಟ್ಕೊಂಡು ಉಳಿದದ್ದು ಅಲ್ಲೆ ಚೆಲ್ಲು. ಹೊಳ್ಳಿ ಮಾತ್ರ ನೋಡಬ್ಯಾಡ.”