ಖಳನಾಯಕರು ತುಮಕೂರನ್ನು ಗುಡ್ಡೆ ಹಾಕಿದ್ದು

ಯಾವುದೇ ಜಗಳಕ್ಕೂ ಒಂದು ಕ್ರಮವಿರಬೇಕೆಂದು ನಂಬಿರುವವಳು ನಾನು. ಮೊದಲು ಯಾರು ಮಾತನಾಡಬೇಕು, ಯಾರು ಉತ್ತರ ಕೊಡಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕಿತ್ತಾಡುವವರನ್ನು ಕಂಡರೆ, ಜಗಳಕ್ಕಿಂತಲೂ ಆ ಅವ್ಯವಸ್ಥೆಯೇ ನನಗೆ ಹೆಚ್ಚು ಹಿಂಸೆ ಕೊಡುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ, ಹೊಡೆದಾಡಿಕೊಂಡು ಬಂದ ಮಕ್ಕಳನ್ನು ನಾನು ಬೈಯುತ್ತಿರಲಿಲ್ಲ. ನಡೆದದ್ದನ್ನು ಕಾಲಾನುಕ್ರಮವಾಗಿ, ಪೂರ್ಣವಾಕ್ಯಗಳಲ್ಲಿ ವಿವರಿಸಬೇಕೆಂದು ಹೇಳುತ್ತಿದ್ದೆ. ಎರಡನೆಯ ವಾಕ್ಯ ಮುಗಿಯುವಷ್ಟರಲ್ಲಿ ಇಬ್ಬರೂ ಗೆಳೆಯರಾಗಿ, ನನ್ನ ವಿರುದ್ಧ ಒಂದಾಗಿರುತ್ತಿದ್ದರು. ಸ್ವಯಂನಿವೃತ್ತಿ ಪಡೆದು ಕ್ಯಾತ್ಸಂದ್ರದ ಮನೆಯಲ್ಲಿ ಕುಳಿತ ಮೇಲೆ ಈ ವಿದ್ಯೆಗೆ ಗಿರಾಕಿಗಳೇ ಇಲ್ಲದಂತಾಗಿತ್ತು. ಹಾಗಿರುವಾಗ ಇಬ್ಬರು ಖಳನಾಯಕರ ಜಗಳ ಮನೆಬಾಗಿಲಿಗೇ ಬಂದಿತು.

ತಂದವಳು ಚೈತ್ರ, ನನ್ನ ಅಕ್ಕನ ಮಗಳು. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸ, ವಾಸ ನನ್ನ ಮನೆಯಲ್ಲಿ, ಉಳಿದ ಹೊತ್ತೆಲ್ಲ ಚಿತ್ರ ಬರೆಯುವ ಹುಚ್ಚು. ಅವಳು ಒಂದು ಸೂಪರ್‌ಹೀರೋ ಕಾಮಿಕ್ಸಿನ ಮೊದಲ ಸಂಚಿಕೆಯನ್ನು ಬರೆದಿದ್ದಳು. ಅದರಲ್ಲಿ ಕತ್ತಲರಾಯ ಎಂಬವನು ಊರಿನ ಬೆಳಕನ್ನೆಲ್ಲ ನುಂಗುತ್ತಾನೆ. ಧೂಳೇಂದ್ರ ಎಂಬವನು ಒಮ್ಮೆ ಉಸಿರು ಬಿಟ್ಟರೆ ಹೈವೇ ಕಾಣದಾಗುತ್ತದೆ. ತುಮಕೂರು ತನಗೇ ಸೇರಬೇಕೆಂದು ಇಬ್ಬರಿಗೂ ಹಟ. ಬೆಂಗಳೂರು ಅಷ್ಟು ಹತ್ತಿರದಲ್ಲಿದ್ದರೂ ಅಂಥ ಶಕ್ತಿವಂತರು ನಮ್ಮ ಊರನ್ನೇ ಬಯಸಿದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕೊನೆಯಲ್ಲಿ ಮಿಂಚುಳ್ಳಿ ಎಂಬ ನಾಯಕಿ ಹಾರಿ ಬಂದು ಇಬ್ಬರನ್ನೂ ಬಡಿದುಹಾಕುತ್ತಾಳೆ. ತೊಂದರೆ ಇದ್ದದ್ದು ಅಲ್ಲಿಯೇ. ಚಿತ್ರಗಳು ಚೆನ್ನಾಗಿವೆ, ಆದರೆ ಈ ಅಂತ್ಯವನ್ನು ಯಾವ ಊರಿಗಾದರೂ ಅಂಟಿಸಬಹುದು, ಶುಕ್ರವಾರದೊಳಗೆ ಬೇರೆ ಅಂತ್ಯ ಬಂದರೆ ಪುಸ್ತಕ ಅಚ್ಚಾಗುತ್ತದೆ, ಇಲ್ಲವಾದರೆ ಆ ಜಾಗ ಇನ್ನೊಬ್ಬರಿಗೆ ಎಂದು ಪ್ರಕಾಶನದ ಸಂಪಾದಕಿ ತಿಳಿಸಿದ್ದರು. ಚೈತ್ರ ಊಟದ ತಟ್ಟೆಯ ಮುಂದೆ ಕುಳಿತು, "ನಂಗೆ ಇಷ್ಟೇ ಬರೋದು ಅನ್ಸುತ್ತೆ ಚಿಕ್ಕಮ್ಮ. ಇದೊಂದು ಆಗ್ಲಿಲ್ಲ ಅಂದ್ರೆ ಬೋರ್ಡು ಪೆನ್ನು ಎಲ್ಲ ಎತ್ತಿಟ್ಬಿಡ್ತೀನಿ" ಎಂದಳು. ಅವಳು ಸುಮ್ಮನೆ ಹಾಗೆ ಹೇಳುವವಳಲ್ಲ.

ನಾನು ಕೂಡಲೇ ಕಾರ್ಯಪ್ರವೃತ್ತಳಾದೆ. ಖಳರಿಬ್ಬರೂ ವೇದಿಕೆಯ ಮೇಲೆ ಬಂದು, ತುಮಕೂರು ತಮಗೇಕೆ ಬೇಕೆಂಬುದನ್ನು ಸಮಾನ ಕಾಲಾವಕಾಶದಲ್ಲಿ ಮಂಡಿಸಲಿ ಎಂದು ಸಲಹೆ ಮಾಡಿದೆ. ಕಾಮಿಕ್ಸ್ ಓದುವವರು ಅಷ್ಟರಲ್ಲಿ ಮಲಗಿಬಿಡುತ್ತಾರೆ ಎಂದಳು ಚೈತ್ರ. ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳೋಣವೆಂದೆ. ಅವಳು ಎದ್ದು ಕೈತೊಳೆಯಲು ಹೋದಳು.

ಭಾನುವಾರ ನಾವಿಬ್ಬರೂ ಗುಬ್ಬಿಗೆ, ಅಕ್ಕನ ಮನೆಗೆ ಹೋದೆವು. ಅಲ್ಲಿ ಭಾವನವರೂ ಕುಣಿಗಲ್ಲಿನಿಂದ ಬಂದಿದ್ದ ಅವರ ತಮ್ಮ ಮಹದೇವನೂ ತೋಟದಲ್ಲಿದ್ದರು. ತೆಂಗಿನ ತೋಟ, ಇಬ್ಬರಿಗೂ ಸೇರಿದ್ದು. ಕಾಯಿ ಕೆಡವಿದಾಗಲೆಲ್ಲ ಭಾಗವಾಗಬೇಕು. ಅವರ ಮನೆಯಲ್ಲಿ ಅದಕ್ಕೊಂದು ಪದ್ಧತಿಯಿದೆ: ಅಣ್ಣನಾದವನು ಎರಡು ಗುಡ್ಡೆ ಹಾಕಬೇಕು, ತಮ್ಮನಾದವನು ತನಗೆ ಬೇಕಾದ ಗುಡ್ಡೆಯನ್ನು ಮೊದಲು ಆರಿಸಿಕೊಳ್ಳಬೇಕು. ಆದ್ದರಿಂದ ಗುಡ್ಡೆ ಹಾಕುವವನಿಗೆ ಮೋಸ ಮಾಡುವ ಧೈರ್ಯವೇ ಬರುವುದಿಲ್ಲ. ಭಾವನವರು ಈ ಗುಡ್ಡೆಯಿಂದ ಒಂದು ದಪ್ಪ ಕಾಯಿಯನ್ನು ತೆಗೆದು ಆ ಗುಡ್ಡೆಗೆ ಹಾಕುವರು, ದೂರ ನಿಂತು ನೋಡುವರು, ಮನಸ್ಸು ಒಪ್ಪದೆ ಮತ್ತೆ ಇತ್ತ ತರುವರು. ಬದುವಿನ ಮೇಲೆ ಕುಳಿತ ಮಹದೇವ, "ಅಣ್ಣ, ಆ ಕಡೆದು ಯಾಕೋ ಸೊರಗ್ದಂಗೆ ಕಾಣ್ತದೆ" ಎಂದು ಕೆಣಕುತ್ತಿದ್ದ. "ನೀನು ಸುಮ್ನೆ ಕೂತ್ಕೊಳ್ಳಲಾ" ಎಂದು ಗದರುತ್ತಲೇ ಭಾವನವರು ಸೊರಗಿದ ಗುಡ್ಡೆಗೆ ನಾಲ್ಕು ಒಳ್ಳೆಯ ಕಾಯಿ ಸೇರಿಸುತ್ತಿದ್ದರು.

ನೋಡುತ್ತ ನಿಂತಿದ್ದ ಚೈತ್ರ ನನ್ನ ತೋಳು ಹಿಡಿದಳು. "ಚಿಕ್ಕಮ್ಮ, ಊರನ್ನೂ ಹಿಂಗೇ ಗುಡ್ಡೆ ಹಾಕ್ಸಿದ್ರೆ?"

ಯೋಚನೆ ನನಗೂ ಹಿಡಿಸಿತು. ಆದರೆ ಕ್ರಮ ತಪ್ಪಬಾರದಲ್ಲ. ಹಾಗಾದರೆ ಖಳನಾಯಕರಲ್ಲಿ ಹಿರಿಯನಾರು, ಅದನ್ನು ಮೊದಲು ನಿರ್ಧರಿಸಬೇಕು ಎಂದೆ. ಹುಟ್ಟಿದ ದಾಖಲೆಯನ್ನು ತಾನೆಲ್ಲಿಂದ ತರಲಿ ಎಂದು ಚೈತ್ರ ಗೊಣಗಿದಳು. ತೀರ್ಪು ಕೊಟ್ಟವರು ಭಾವನವರು, ಕಾಯಿಯಿಂದ ಕಣ್ಣು ತೆಗೆಯದೆಯೇ: "ಕತ್ಲೆನೇ ದೊಡ್ಡೋನು ಬುಡಮ್ಮ. ಸೂರ್ಯ ಹುಟ್ಟೋಕ್ ಮುಂಚೆ ಇನ್ಯಾರಿದ್ರು ಇಲ್ಲಿ?"

ಅಂತೂ ಚೈತ್ರಳ ಹೊಸ ಅಂತ್ಯದಲ್ಲಿ ಕತ್ತಲರಾಯ ತುಮಕೂರನ್ನು ಎರಡು ಗುಡ್ಡೆ ಮಾಡಲು ಕುಳಿತ. ಆರಿಸಿಕೊಳ್ಳುವವನು ಧೂಳೇಂದ್ರ. ಒಂದು ಪಾಲಿನಲ್ಲಿ ಗುಂಡಿ ಬಿದ್ದ ರಸ್ತೆಗಳು ಹೆಚ್ಚಾದವು. ಅದೇ ತನ್ನ ತಲೆಗೆ ಬಂದರೇನು ಗತಿ ಎಂದು ಹೆದರಿ ಕತ್ತಲರಾಯ ತಾನೇ ನಿಂತು ಗುಂಡಿ ಮುಚ್ಚಿಸಿದ. ಆಗ ಇನ್ನೊಂದು ಪಾಲು ಕಳೆಗುಂದಿತು. ಅಲ್ಲಿಯ ಕೆರೆಯ ಹೂಳೆತ್ತಿಸಿದ. ಧೂಳೇಂದ್ರ ಮೂಗಿಗೆ ಕರವಸ್ತ್ರ ಹಿಡಿದು, "ಈ ಸೈಡು ಭಾರಿ ಧೂಳು ಕಣಯ್ಯ, ನಂಗೆ ಬೇಡ" ಎಂದ. ರಸ್ತೆಯ ಎರಡು ಬದಿಗೂ ಗಿಡಗಳು ಬಂದವು. ಕೊನೆಗೆ ಕತ್ತಲರಾಯನೇ ಕಂಬ ಹತ್ತಿ, ಹಲ್ಲು ಕಚ್ಚಿಕೊಂಡು, ಬೀದಿದೀಪದ ಬಲ್ಬು ಹಾಕಿದ. ಭಾಗ ಮುಗಿಯಲಿಲ್ಲ, ಮುಗಿಯುವಂತೆಯೂ ಇಲ್ಲ. ಊರು ಮಾತ್ರ ದಿನದಿನಕ್ಕೆ ಚೆನ್ನಾಗುತ್ತಿದೆ. ಮಿಂಚುಳ್ಳಿ ನೀರಿನ ಟ್ಯಾಂಕಿನ ಮೇಲೆ ಕುಳಿತು ತಟ್ಟೆ ಇಡ್ಲಿ ತಿನ್ನುತ್ತಿದ್ದಾಳೆ.

ಖಳರಿಗೆ ಶಿಕ್ಷೆಯಾಗದ ಕಥೆಯಿಂದ ಓದುಗರು ಕಲಿಯುವುದೇನೆಂದು ನಾನು ಗುಬ್ಬಿಯಿಂದ ಹಿಂದಿರುಗುವ ದಾರಿಯುದ್ದಕ್ಕೂ ಆಕ್ಷೇಪಿಸಿದೆ. ಇದಕ್ಕಿಂತ ಶಿಕ್ಷೆ ಇನ್ನೇನು ಬೇಕೆಂದಳು ಚೈತ್ರ. ಬಲ್ಬು ಹಾಕುವ ಕತ್ತಲರಾಯನ ಮುಖವನ್ನು ಅವಳು ಬರೆದು ತೋರಿಸಿದ ಮೇಲೆ ನಾನು ಆಕ್ಷೇಪವನ್ನು ಹಿಂತೆಗೆದುಕೊಂಡೆ. ಶುಕ್ರವಾರಕ್ಕೆ ಮೊದಲೇ ಪುಟಗಳು ಹೋದವು.

ಉತ್ತರ ಫೋನಿನಲ್ಲಿಯೇ ಬಂತು. ಪುಸ್ತಕ ಅಚ್ಚಾಗುತ್ತದೆ, ಎರಡನೆಯ ಸಂಚಿಕೆಯೂ ಬೇಕು. ಚೈತ್ರ ಫೋನನ್ನು ಎದೆಗೊತ್ತಿಕೊಂಡು ಅಡುಗೆಮನೆಗೆ ಬಂದವಳು ಅಳುತ್ತಲೂ ನಗುತ್ತಲೂ ಇದ್ದಳು. ಆಮೇಲೆ ತುಸು ಅಳುಕಿ, ಸಂಪಾದಕಿಗೆ ಎಲ್ಲರಿಗಿಂತಲೂ ಮೂರನೆಯ ಖಳನಾಯಕಿಯೇ ಹಿಡಿಸಿದಳಂತೆ, ಮುಂದಿನ ಸಂಚಿಕೆಯಲ್ಲಿ ಅವಳಿಗೆ ದೊಡ್ಡ ಪಾತ್ರ ಕೊಡಬೇಕಂತೆ ಎಂದಳು. ಕಥೆಯಲ್ಲಿ ಇದ್ದವರು ಇಬ್ಬರೇ ತಾನೆ ಎಂದು ನಾನು ಪುಟಗಳನ್ನು ತರಿಸಿ ನೋಡಿದೆ. ಎರಡು ಗುಡ್ಡೆಗಳ ನಡುವೆ, ಕಾಟನ್ ಸೀರೆಯುಟ್ಟ ಒಬ್ಬ ಮಧ್ಯವಯಸ್ಕೆ ಕೊಡೆ ಊರಿಕೊಂಡು ನಿಂತಿದ್ದಳು. ಇಬ್ಬರು ಖಳರೂ ಅವಳ ಮುಂದೆ ಕೈಕಟ್ಟಿ ನಿಂತಿದ್ದರು.

"ಅವ್ಳು ವಿಲನ್ ಅಲ್ಲ ಚಿಕ್ಕಮ್ಮ, ಮಧ್ಯಸ್ಥಿಕೆಗೆ ಅಂತ ಬರ್ದಿದ್ದೆ. ಅವ್ರಿಗೆ ಹಂಗೆ ಕಾಣಿಸ್ಬಿಟ್ಟಿದೆ. ಬೇಜಾರಾದ್ರೆ ತೆಗೆದ್ಬಿಡ್ತೀನಿ."

ಸೀರೆಯೂ ಕೊಡೆಯೂ ನನ್ನವೇ ಎಂದು ಗುರುತು ಹಿಡಿದೆ. ತೆಗೆಯುವುದು ಬೇಡವೆಂದೆ. ಪದ್ಧತಿಯಂತೆ ನಡೆಯುವುದಾದರೆ, ಕತ್ತಲೆ ಎಲ್ಲರಿಗಿಂತ ಹಿರಿಯ, ಧೂಳು ಆಮೇಲೆ ಬಂದವನು, ಆ ಹೆಂಗಸಾದರೋ ಮೊನ್ನೆ ಮೊನ್ನೆ ಹುಟ್ಟಿದವಳು. ಎಷ್ಟೋ ವರ್ಷಗಳಿಂದ ಯಾರೂ ನನ್ನನ್ನು ಎಲ್ಲಿಯೂ ಕಿರಿಯಳೆಂದು ಎಣಿಸಿರಲಿಲ್ಲ. ಆದ್ದರಿಂದ ಊರು ಮೂರು ಗುಡ್ಡೆಯಾಗಲಿ, ಮೊದಲು ಆರಿಸಿಕೊಳ್ಳುವ ಹಕ್ಕು ಅವಳದೇ ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದೇನೆ. ಸದ್ಯಕ್ಕೆ ಕೆರೆ ಇರುವ ಪಾಲಿನ ಮೇಲೆ ಕಣ್ಣಿದೆ.