ಬೂಟಿನ ಗಂಟಿನ ಬೇಲಿಯನ್ನು ಬಿಚ್ಚಿದ ಮೇಕೆಯವರಿಗೆ

ಮಾನ್ಯರೇ,

ಅಮೀರ್ ಬಿ ಅವರ ಹಿತ್ತಿಲಿನ ಅಲಂಕಾರವೂ, ಸಿರಾ ಪೇಟೆಯ ಸಕಲ ಸೊಪ್ಪುಗಳ ಪರೀಕ್ಷಾಧಿಕಾರಿಯೂ ಆಗಿರುವ ತಮ್ಮ ಎರಡು ಕೊಂಬಿಗೂ ಒಂದು ಗಡ್ಡಕ್ಕೂ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂಬುದು ನಮ್ಮ ಮೆಂತ್ಯದ ಪಾತಿಯನ್ನು ನೋಡಿದರೇ ತಿಳಿಯುತ್ತದೆ. ನನ್ನ ಕ್ಷೇಮದ ವಿಷಯ ಮುಂದೆ ಬರುತ್ತದೆ. ಈ ಪತ್ರವನ್ನು ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದೇನೆ. ಓದಿಯಾದ ಮೇಲೆ ತಾವು ತಿನ್ನಬಹುದು.

ನಾನು ಇಲ್ಲಿನ ಟ್ರೈನಿಂಗ್ ಸ್ಕೂಲಿನಲ್ಲಿ ಮೊದಲನೇ ವರ್ಷದವನು. ಹುಟ್ಟಿದ್ದು ಚನ್ನರಾಯನದುರ್ಗವಾದರೂ ಚಿಕ್ಕಂದಿನಿಂದ ಬೆಂಗಳೂರಿನ ಬೋರ್ಡಿಂಗಿನಲ್ಲೇ ಬೆಳೆದು, ಕನಸನ್ನು ಕೂಡ ಅರ್ಧ ಇಂಗ್ಲಿಷಿನಲ್ಲಿ ಕಾಣುವವನಾದ್ದರಿಂದ ಹುಡುಗರೆಲ್ಲ ನನ್ನನ್ನು 'ಮಿಸ್ಟರ್' ಎಂದು ಕರೆದು ದೂರವಿಟ್ಟರು. ಯಾವ ರೂಮಿನವರೂ ಸೇರಿಸಿಕೊಳ್ಳದೆ, ನಾನೂ ನನ್ನ ಟ್ರಂಕೂ ಶಾಲೆ ಶುರುವಾದಂದಿನಿಂದ ವರಾಂಡದಲ್ಲಿ ಸಂಸಾರ ಮಾಡಿಕೊಂಡಿದ್ದೆವು.

ನಮ್ಮ ಹಾಸ್ಟೆಲಿನ ಸೊಪ್ಪಿನ ತೋಟದ ಹಳೆಯ ಬೇಲಿ ತಮಗೆ ನೆನಪಿರಬಹುದು. ನಾಲ್ಕು ತಾಲ್ಲೂಕಿನ ಹುಡುಗರು ನಾಲ್ಕು ಕಡೆ ಕಟ್ಟಿದ್ದರು: ಮಧುಗಿರಿಯವರು ಕಲ್ಲು ಪೇರಿಸಿದ್ದರು, ಸಿರಾದವರು ಜಾಲಿಮುಳ್ಳು ಒಟ್ಟಿದ್ದರು, ಪಾವಗಡದವರು ಕತ್ತಾಳೆ ನೆಟ್ಟಿದ್ದರು, ಕೊರಟಗೆರೆಯವರು ಬಿದಿರು ಕಟ್ಟಿದ್ದರು. ಒಬ್ಬರ ಕಡೆ ಕುಸಿದರೆ ಇನ್ನೊಬ್ಬರಿಗೆ ರಿಪೇರಿ ಬಾರದು. ಬಂದರೂ 'ನಿಮ್ದು ನೀವೇ ನೋಡ್ಕಳ್ರಪ್ಪ' ಎಂದು ಕೈ ಕಟ್ಟಿ ನಿಲ್ಲುವರು. ಆಗ ನಾನು, ಯಾರೂ ಕೇಳದೆ, ಎದ್ದು ನಿಂತು ಯೂನಿಫಾರ್ಮಿಟಿ ಕುರಿತು ಭಾಷಣ ಮಾಡಿದೆ. ಸುತ್ತಲೂ ಒಂದೇ ಬಿದಿರು ದಬ್ಬೆ, ಒಂದೇ ಎತ್ತರ, ಒಂದೇ ಸಂದು, ಒಂದೇ ಗಂಟು ಇರಲಿ ಎಂದೆ. ನಾಗಲಮಡಿಕೆಯ ಕದಿರಯ್ಯ, ಮೂರನೇ ರೂಮಿನ ಲೀಡರು, ಬಾಯಲ್ಲಿದ್ದ ಬೇವಿನಕಡ್ಡಿ ತೆಗೆದು ಹೇಳಿದ್ದು ಇಷ್ಟು: "ಆಯ್ತಪ್ಪಾ ಮಿಸ್ಟರ್, ಸೊಪ್ಪು ಕೀಳೋಗಂಟ ನಿನ್ ಬೇಲಿ ನಿಂತ್ರೆ ನಮ್ ರೂಮ್ನಾಗೆ ಜಾಗ. ಬಿದ್ರೆ ವರಾಂಡನೇ ನಿಂಗೆ ಪರ್ಮನೆಂಟು."

ನಾನು ಪಂದ್ಯಕ್ಕೆ ಒಪ್ಪಿದೆ. ಎಲ್ಲರಿಗೂ ನಾನೇ ಗಂಟು ಕಲಿಸಿದೆ. ತಮ್ಮಲ್ಲಿ ಮುಚ್ಚಿಡುವುದೇನು, ನನಗೆ ಬರುತ್ತಿದ್ದದ್ದು ಒಂದೇ ಗಂಟು, ಬೂಟಿನ ಲೇಸಿನದು. ಎತ್ತು ಕಟ್ಟಿ ಬೆಳೆದ ಹುಡುಗರು, ಹಾಸ್ಟೆಲಿನಲ್ಲಿ ಬೂಟಿದ್ದವನು ನಾನೊಬ್ಬನೇ ಎಂಬ ಮರ್ಯಾದೆಗೋ ಏನೋ, ನಗು ನುಂಗಿಕೊಂಡು ಹಾಗೆಯೇ ಕಟ್ಟಿದರು. ಬೇಲಿ ಎಷ್ಟು ಚೆನ್ನಾಗಿ ಕಂಡಿತೆಂದರೆ ವಾರ್ಡನ್ ಸಾಹೇಬರು ಅದನ್ನು ನೋಡಲೆಂದೇ ಎರಡು ಸಲ ಕನ್ನಡಕ ಒರೆಸಿಕೊಂಡರು.

ಆಮೇಲೆ ತಾವು ದಯಮಾಡಿಸಿದಿರಿ. ನೇತಾಡುತ್ತಿದ್ದ ಹುರಿಯ ತುದಿಯೊಂದನ್ನು ಬಾಯಲ್ಲಿ ಹಿಡಿದು ಎಳೆದಿರಿ, ಗಂಟು ಬಿಚ್ಚಿತು. ಹಳೆಯ ಬೇಲಿಯಾಗಿದ್ದರೆ ತಾವು ನಾಲ್ಕು ವಿದ್ಯೆ ಕಲಿಯಬೇಕಿತ್ತು. ನನ್ನ ಕೃಪೆಯಿಂದ ಒಂದೇ ಸಾಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಕೇಳಿದ್ದೆ. ಬೇಲಿಯೇ ಸೊಂಟದ ಗಂಟು ಸಡಿಲಿಸಿ 'ಬನ್ನಿ, ಊಟಕ್ಕೆ ಏಳಿ' ಎಂದದ್ದನ್ನು ಅಂದೇ ಕಂಡೆ. ತಾವು ನಾಲ್ಕು ದಿಕ್ಕನ್ನೂ ಬಿಚ್ಚಿ, ತಾಲ್ಲೂಕಿನ ಭೇದವಿಲ್ಲದೆ ಮೇಯ್ದಿರಿ. ಸಿರಾದ ನಿಯಾಜ್ ಅಹಮದ್ ಹೊಟ್ಟೆ ಹಿಡಿದುಕೊಂಡು, "ಅರೆ ಮಿಸ್ಟರ್, ನಾಳೆ ಇದು ಬೂಟು ಹಾಕ್ಕೊಂಡೇ ಬರ್ತದೆ ನೋಡು!" ಎಂದ.

ನಾನು ನಗಲಿಲ್ಲ. ವರಾಂಡಕ್ಕೆ ಹೋಗಿ ಟ್ರಂಕಿನ ಮೇಲೆ ಕುಳಿತೆ. ಅಲ್ಲಿಂದ ನೋಡಿದರೆ, ಕದಿರಯ್ಯ ಎತ್ತು ಕಟ್ಟುವ ಗಂಟನ್ನು ಎಲ್ಲರಿಗೂ ತೋರಿಸುತ್ತಿದ್ದಾನೆ. ಮಧುಗಿರಿಯವರು ಪಾವಗಡದ ಕಡೆ, ಕೊರಟಗೆರೆಯವರು ಸಿರಾದ ಕಡೆ ಕೂತು ಬಿಗಿಯುತ್ತಿದ್ದಾರೆ. ಎಲ್ಲ ಕಡೆಯೂ ಒಂದೇ ಥರ ಇದ್ದದ್ದರಿಂದ ಯಾರ ಕಡೆ ಯಾರದೆಂಬುದೇ ಅವರಿಗೆ ಮರೆತಿತ್ತು. ದೀಪ ಹಚ್ಚುವ ಹೊತ್ತಿಗೆ ಬೇಲಿ ನಿಂತಿತು. ಕದಿರಯ್ಯ ನನ್ನ ಕಡೆ ತಿರುಗಿ ಕೂಗಿದ: "ಲೇ ರೇಣುಕ, ಟ್ರಂಕು ಒಳೀಕ್ ತಕಂಬಾರ್ಲಾ! ನಿನ್ನ ಇಂಗೇ ಆಚೆ ಬುಟ್ರೆ ಆ ಮೇಕೆ ನಿನ್ನೂ ಬಿಚ್ಚಾಕ್ಬುಡ್ತದೆ!"

'ಮಿಸ್ಟರ್' ಅಲ್ಲ, ಲೇ! ಮಾನ್ಯರೇ, ಮಾನಪತ್ರ ಸಿಕ್ಕವರೂ ಅಷ್ಟು ಹಿಗ್ಗಿರಲಾರರು.

ಆದ್ದರಿಂದ ದೂರೆಂದು ಶುರುಮಾಡಿದ ಈ ಪತ್ರದಲ್ಲಿ ಪ್ರಾರ್ಥನೆಯಷ್ಟೇ ಉಳಿದಿದೆ. ತಿಂದ ಮೆಂತ್ಯವನ್ನು ತಾವು ದಯವಿಟ್ಟು ಮೊದಲಿದ್ದ ಸಾಲಿನಲ್ಲೇ ಹಿಂದಕ್ಕೆ ನೆಡತಕ್ಕದ್ದು; ಅದು ಕಷ್ಟವಾದರೆ, ಮುಂದಿನ ಸಲ ನಾನು ಭಾಷಣಕ್ಕೆ ಎದ್ದಾಗ ಮೊದಲು ನನ್ನ ಕಾಗದವನ್ನು ತಿಂದು ಉಪಕರಿಸತಕ್ಕದ್ದು.

ಇತಿ, ಮೆಂತ್ಯದ ಋಣದಿಂದ ಬಿಡಿಸಿಕೊಳ್ಳಲಾಗದ ತಮ್ಮ ವಿಶ್ವಾಸಿ,
ರೇಣುಕಯ್ಯ
ಮೂರನೇ ರೂಮು (ವರಾಂಡ ಅಲ್ಲ), ಸಿರಾ, ೧೯೬೧

ತಾ.ಕ.: ಹೊಸ ಗಂಟು ಕಲಿತ ಉತ್ಸಾಹದಲ್ಲಿ ಬೂಟಿಗೂ ಅದನ್ನೇ ಬಿಗಿದುಕೊಂಡೆ. ಮೂರನೇ ರೂಮಿನ ಸಮಸ್ತರೂ ಎಳೆದು ಸೋತಿದ್ದಾರೆ. ಬೂಟು ಹಾಕಿಕೊಂಡೇ ಮಲಗುತ್ತಿದ್ದೇನೆ. ತಾವು ಬಿಡುವಾದಾಗ ಒಮ್ಮೆ ಬಂದುಹೋಗುವುದು. ಲೇಸು ಮಾತ್ರ ತಿನ್ನಿ. ಕಾಲು ಹಾಸ್ಟೆಲಿಗೆ ಸೇರಿದ್ದು.