ಅತ್ತೆಯ ಎರಡು ಕ್ಯಾಲೆಂಡರ್‌ಗಳು

ಕಾಪುವಿನಲ್ಲಿ ನಮ್ಮ ಅತ್ತೆಯಷ್ಟು ದಿನ ನೋಡುವವರು ಇನ್ನೊಬ್ಬರಿಲ್ಲ. ಉಳಿದವರ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದ್ದರೆ ಇವರ ಗೋಡೆಯಲ್ಲಿ ಎರಡು! ಒಂದು ಸೊಸೈಟಿಯವರು ಕೊಟ್ಟದ್ದು, ಇನ್ನೊಂದು ಹಿರಿಯಡ್ಕದ ಜವಳಿ ಅಂಗಡಿಯದ್ದು. ಎರಡಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಏಕಾದಶಿ, ಮುಹೂರ್ತ ಯಾವುದೂ ತಾಳೆಯಾಗುವುದಿಲ್ಲ. ಅತ್ತೆಗೆ ಬೇಕಾದದ್ದೂ ಅದೇ. ಹಾಗಾಗಿ ಕಳೆದ ತಿಂಗಳು ನನ್ನ ಎದೆಯ ಗಂಟಿನ ಆಪರೇಶನ್ನಿಗೆ ಮಣಿಪಾಲದಲ್ಲಿ ದಿನ ಕೊಟ್ಟಾಗ ನಾನು ಹೆದರಿದ್ದು ಡಾಕ್ಟರರ ಕತ್ತರಿಗಲ್ಲ, ಆ ಗೋಡೆಗೆ.

ಹೆದರದೆ ಏನು ಮಾಡಲಿ? ಒಮ್ಮೆ ಗೇಟಿನ ಹತ್ತಿರ ತಾಜಾ ಬಂಗುಡೆ ಮೀನು ಬಂತು.

“ಅತ್ತೆ, ಇವತ್ತು ಏಕಾದಶಿ ಅಲ್ವಾ?”

“ಎಂತ ಏಕಾದಶಿ? ಸೊಸೈಟಿಯದ್ದು ನೋಡು, ನಾಳೆ ಉಂಟು.”

ಮರುದಿನ ಉಳಿದ ಬಂಗುಡೆ ಸಾರು ಒಲೆಯ ಮೇಲೆ ಕುದಿಯುತ್ತಿತ್ತು.

“ಇವತ್ತಾದರೂ ಉಪವಾಸವಾ?”

“ಜವಳಿ ಅಂಗಡಿಯದ್ದರಲ್ಲಿ ನಿನ್ನೆಯೇ ಮುಗಿಯಿತಲ್ವಾ ಮಾರಾಯ್ತಿ!”

ಎರಡು ದಿನ ಬಂದ ಏಕಾದಶಿ ನಮ್ಮ ಮನೆಗೆ ಮಾತ್ರ ಬರಲೇ ಇಲ್ಲ.

ಮೊಣಕಾಲು ತೋರಿಸಲು ಉಡುಪಿಗೆ ಹೊರಡಿಸಿದರೆ, ಪ್ರಯಾಣಕ್ಕೆ ಆಗದು ಎನ್ನುವ ಕ್ಯಾಲೆಂಡರ್ ಅವರ ಕಣ್ಣಿಗೆ ಬೀಳುತ್ತದೆ. ಅದೇ ದಿನ ಕಾರ್ಕಳದಲ್ಲಿ ಮದುವೆ ಊಟವಿದ್ದರೆ, ಶುಭ ಎನ್ನುವ ಕ್ಯಾಲೆಂಡರ್! ಮೂರು ಸಲ ಅಪಾಯಿಂಟ್‌ಮೆಂಟ್ ಬದಲಿಸಿ, ಫೋನಿನಲ್ಲಿ ಕ್ಷಮೆ ಕೇಳಿ ಕೇಳಿ ನನಗೆ ಸಾಕುಸಾಕಾಗಿ ಹೋಯಿತು.

ನಾನೇನು ಮಹಾ ಸಾಚಾ? ಡಾಕ್ಟರ್ ನನಗೆ ಎರಡು ಮಾತು ಹೇಳಿದ್ದರು: “ಪೂರ್ತಿ ಗುಣವಾಗುತ್ತದೆ. ತಡ ಮಾತ್ರ ಮಾಡಬೇಡಿ.” ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಕಿವಿಯಲ್ಲಿ ಉಳಿದದ್ದು ಎರಡನೆಯದೊಂದೇ. ಯಾವ ಮಾತನ್ನು ಹಿಡಿದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಈ ಮನಸ್ಸು ನಮ್ಮನ್ನು ಕೇಳುತ್ತದೆಯೇ?

ಆಪರೇಶನ್ನಿಗೆ ಕೊಟ್ಟ ದಿನ ಮಂಗಳವಾರ. ಅಪರೂಪಕ್ಕೆ ಎರಡೂ ಕ್ಯಾಲೆಂಡರ್‌ಗಳು ಒಂದೇ ಮಾತು ಹೇಳುತ್ತಿದ್ದವು: ಅಮಾವಾಸ್ಯೆ! ಅತ್ತೆ ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ನಿಂತರು. ತಡ ಮಾಡುವಂತಿಲ್ಲ, ಈ ಸಲ ಬಿಡುವುದಿಲ್ಲ ಎಂದು ನಾನೂ ಸೊಂಟ ಕಟ್ಟಿ ಜಗಳಕ್ಕೆ ನಿಂತೆ.

“ಒಳ್ಳೆಯ ದಿನವೇ,” ಎಂದರು ಅತ್ತೆ.

ನನಗೇ ತಡೆಯಲಾಗಲಿಲ್ಲ. “ಅತ್ತೆ, ಅಮಾವಾಸ್ಯೆ! ಎರಡರಲ್ಲೂ ಉಂಟು.”

“ಎಲ್ಲಿ? ನನಗೆ ಎಂತದ್ದೂ ಕಾಣುವುದಿಲ್ಲ. ನನ್ನದೂ ಎರಡು ಸೀರೆ ಬ್ಯಾಗಿಗೆ ಹಾಕು, ನಾನೂ ಬರುತ್ತೇನೆ.”

ಮದುವೆಯಾಗಿ ಬಂದ ಮೇಲೆ ಒಂದು ಅಮಾವಾಸ್ಯೆಗೂ ಅವರು ಗೇಟು ದಾಟಿದ್ದನ್ನು ನಾನು ಕಂಡಿಲ್ಲ. ಅವರನ್ನು ತಬ್ಬಿಕೊಂಡು ನಾನು ಗಟ್ಟಿಯಾಗಿ ಅತ್ತುಬಿಟ್ಟೆ.